ಅಂಗೈ ಮೇಲಿನ ಮೊಸರು

ಆ ಬೆಳಿಗ್ಗೆಯೂ ಹಾಲು ಕಾಯಿಸಿ, ಯಜಮಾನರ ಡಬ್ಬಿ ಕಟ್ಟಿ, ವಿಮಾನ ನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅಮೆರಿಕದ ಅಜ್ಜನಿಗೆ ಚಹಾ ಕೊಟ್ಟೆ. ಹತ್ತೊಂಬತ್ತರ ವಯಸ್ಸಿನಲ್ಲಿ, ತಮ್ಮ ದೇಶ ಎರಡನೇ ಮಹಾಯುದ್ಧಕ್ಕಿಳಿಯುವ ಮೊದಲೇ, ಅವರು ಕೆನಡಾದ ವಾಯುಪಡೆ ಸೇರಿ ವಿಮಾನ ಹಾರಿಸಲು ಕಲಿತವರು. ಎಷ್ಟೋ ವರ್ಷಗಳ ಮೇಲೆ ಅಂದು ಎಂಜಿನ್ ಇಲ್ಲದ ಗ್ಲೈಡರ್ ವಿಮಾನದಲ್ಲಿ ಹಾರಲು ಹೊರಟಿದ್ದರು. ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತೋ ಎಂದುಕೊಂಡೆ. ಅವರ ಅಂಗೈಗೆ ಮೊಸರು-ಸಕ್ಕರೆ ಹಾಕಿ, “ಹೊರಟವರು ಸುಖವಾಗಿ ಮರಳಲಿ ಅಂತ ನಮ್ಮಲ್ಲಿ ತಾಯಿ ಕೊಡುತ್ತಾಳೆ,” ಎಂದೆ.

“ಆಗ ಕೆನಡಾಕ್ಕೆ ಅಮ್ಮನಿಗೆ ಹೇಳದೆ ಓಡಿಹೋಗಿದ್ದೆ,” ಎಂದವರು, ಅಂಗೈಯನ್ನು ಮಗುವಿನಂತೆ ನೆಕ್ಕಿದರು.

ಸಂಜೆ ಅವರು ಆಟೊದಿಂದ ಇಳಿದಾಗ ನಾನಿನ್ನೂ ಗೇಟಿನಲ್ಲೇ ಇದ್ದೆ. ಪಕ್ಕದ ಮನೆಯ ಧಾರವಾಡದ ಕಾಕು ಮೆಂತ್ಯಸೊಪ್ಪು ಸೋಸುತ್ತ ಅಂದರು: “ಬಂದ್ನಲ್ಲವಾ ನಿನ್ನ ಮಗ! ಇನ್ನರ ಒಳಗ ಹೋಗಿ ಕುಕ್ಕರ್ ಇಡು.”