ನಾಲ್ಕು ವ್ಯಾಟಿನ ರೂಪಾಲಿ

ಮೊದಲೇ ಹೇಳಿಬಿಡುತ್ತೇನೆ, ರೂಪಾಲಿಯ ಪೆಟ್ಟಿಗೆ ನೋಡಿ ಎಲ್ಲರಿಗಿಂತ ಮೊದಲು ನಕ್ಕವನು ನಾನೇ. ನನ್ನ ಹೆಸರು ಬಾಳಾಸಾಬ, ಊರು ಅಂಕಲಿ, ಕೆಲಸ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವುದು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಮದುವೆ, ಸಭೆ, ಪೂಜೆ ಎಲ್ಲಿದ್ದರೂ ನನ್ನ ಟೆಂಪೋ ಹೋಗಿ ನಿಲ್ಲುತ್ತದೆ. ಕೇಳಿದವರ ಎದೆ ನಡುಗಿದರೆ ಅದು ಸೌಂಡು, ಇಲ್ಲದಿದ್ದರೆ ಪಿಸುಮಾತು ಎಂದು ಇಪ್ಪತ್ತೆಂಟು ವರ್ಷ ನಂಬಿದವನು ನಾನು. ಇಂಥವನ ಮುಂದೆ ಶೇಡಬಾಳದ ಹೆಣ್ಣುಮಗಳೊಬ್ಬಳು ಹಳೆಯ ರೇಡಿಯೋ ತಂದು ಕುರ್ಚಿಯ ಮೇಲಿಟ್ಟು, ಗಿಟಾರಿನ ವಾಯರನ್ನು ಅದಕ್ಕೆ ಚುಚ್ಚಿದರೆ ನಗು ಬಾರದೆ ಇನ್ನೇನು ಬರುತ್ತದೆ?

"ಇದು ಎಷ್ಟ ವ್ಯಾಟಿಂದ್ರಿ, ಅಕ್ಕಾರ?" ಎಂದು ಕೇಳಿದೆ.

"ನಾಕು."

"ನಾಕನೂರೇನ್ರಿ?"

"ಅಲ್ಲರಿ. ಬರೇ ನಾಕು."

"ನಮ್ಮ ದನದ ಕೊಟ್ಟಿಗ್ಯಾಗಿನ ಬಲ್ಬ ಒಂಬತ್ತ ವ್ಯಾಟಿಂದೈತ್ರಿ," ಎಂದೆ. ಪೆಂಡಾಲು ಕಟ್ಟುತ್ತಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ರೂಪಾಲಿ ಹುಟ್ಟಿದ್ದು ನಿಪ್ಪಾಣಿಯಲ್ಲಿ. ಅಪ್ಪ ತಾತ್ಯಾಸಾಹೇಬರದು ತಂಬಾಕಿನ ವ್ಯಾಪಾರ. ಅವರ ಓಣಿಯ ಮೂಲೆಯಲ್ಲಿ ನಾಮದೇವ ಎಂಬ ರೇಡಿಯೋ ಮೆಕ್ಯಾನಿಕ್ ಇದ್ದ. ವಾರವೆಲ್ಲ ರೇಡಿಯೋ ಬಿಚ್ಚುವುದು, ಭಾನುವಾರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವುದು ಅವನ ಬದುಕು. ಹನ್ನೆರಡು ವರ್ಷದ ಹುಡುಗಿ ಅವನ ಅಂಗಡಿಯ ಮೆಟ್ಟಿಲು ಬಿಟ್ಟು ಏಳದಾದಾಗ ಅಪ್ಪ ಅವಳಿಗೆ ಗಿಟಾರ್ ಕಲಿಸಲು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಅಜ್ಜಿ ಸಾಮಾಯಿಕಕ್ಕೆ, ಅಂದರೆ ಜೈನರ ನಿತ್ಯದ ಧ್ಯಾನಕ್ಕೆ, ಕೂತಾಗ ಪಕ್ಕದ ಕೋಣೆಗೆ ಸಪ್ಪಳ ಹೋಗಕೂಡದು. ನಾಮದೇವ ತಲೆ ಕೆರೆದುಕೊಂಡ. ಆಮೇಲೆ ಅವರ ಮನೆಯದೇ ಹಳೆಯ ವಾಲ್ವ್ ರೇಡಿಯೋ ತೆಗೆದುಕೊಂಡು ಹೋಗಿ, ಸ್ಟೇಷನ್ ಹಿಡಿಯುವ ಭಾಗ ಕಿತ್ತು, ಗಿಟಾರಿಗೆ ಆಂಪ್ಲಿಫೈಯರ್ ಮಾಡಿಕೊಟ್ಟ.

ಕೊಡುವಾಗ ಅವನು ಹೇಳಿದ ಮಾತನ್ನು ಅವಳು ಇಂದಿಗೂ ಹೇಳುತ್ತಾಳೆ. "ದೊಡ್ಡ ಮಷಿನ್ನಿನ ಕಿವಿ ಹಿಂಡಿ ಸಣ್ಣಗ ಇಟ್ರ ಅದು ನಿದ್ದಿ ಹೊಡೀತೈತಿ. ಸಣ್ಣದನ್ನ ಪೂರ್ತಿ ಬಿಟ್ರ ಬಾಯಿ ತುಂಬ ಹಾಡತೈತಿ. ನೆಲದ ಮ್ಯಾಲ ಮಾತ್ರ ಇಡಬ್ಯಾಡ. ಕಿವಿ ಏನ ಮೊಣಕಾಲಿನ್ಯಾಗ ಇರ್ತಾವೇನು?"

ಮದುವೆಯಾಗಿ ಶೇಡಬಾಳಕ್ಕೆ ಬರುವಾಗ ಕಪಾಟು, ಹಾಸಿಗೆ, ಪಾತ್ರೆಗಳ ಜೊತೆ ಆ ಪೆಟ್ಟಿಗೆಯೂ ಬಂತು. ಗಂಡ ಸುಜಯನಿಗೆ ದ್ರಾಕ್ಷಿ ತೋಟ ಬಿಟ್ಟರೆ ಬೇರೆ ಧ್ಯಾನವಿಲ್ಲ. ಅತ್ತೆ ಚಂದ್ರಮತಿ ಮಹಿಳಾ ಮಂಡಳದ ಹಾಡುಗಾರ್ತಿ. ಹೊಸ ಸೊಸೆ ಗಿಟಾರ್ ಎತ್ತಿಕೊಂಡ ದಿನ ಓಣಿಯ ಹೆಂಗಸರೆಲ್ಲ, ಈಗ ಅತ್ತೆ-ಸೊಸೆ ಜಗಳ ನೋಡಬಹುದು ಎಂದು ಕಾದಿದ್ದರಂತೆ. ಚಂದ್ರಮತಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಹೊರಗೆ ಬಂದು, ಎರಡು ಸಾಲು ಹಾಡಿ ನೋಡಿ, "ಇದರ ಕೂಡ ನನ್ನ ದನಿ ನನಗ ಕೇಳಸ್ತೈತಿ, ದಿನಾ ಬಾರಸು," ಎಂದಳು. ಓಣಿಗೆ ಆದ ನಿರಾಸೆ ಅಷ್ಟಿಷ್ಟಲ್ಲ.

ಅಂದಿನಿಂದ ಮಂಡಳದ ತಾಲೀಮು ಅವರ ಪಡಸಾಲೆಯಲ್ಲೇ. ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಆರು ಜನ ಹೆಂಗಸರು ಸೇರುತ್ತಾರೆ. ಒಂದು ಹಾರ್ಮೋನಿಯಂ, ಒಂದು ಢೋಲಕಿ, ನಡುವೆ ಕುರ್ಚಿಯ ಮೇಲೆ ರೇಡಿಯೋ, ಅದರ ಬಾಯಿ ಮೇಲ್ಮುಖ. ಗೋಡೆಯಾಚೆ ಬಸದಿ. ಚಾತುರ್ಮಾಸದಲ್ಲಿ ಅಲ್ಲಿ ಮುನಿಗಳಿದ್ದಾಗಲೂ ಒಂದು ದಿನ ತಾಲೀಮು ನಿಲ್ಲಲಿಲ್ಲ. ಹಿಂದೊಮ್ಮೆ ಇದೇ ಮಂಡಳಕ್ಕೆ ನನ್ನ ಮಷಿನ್ನು ಕೊಟ್ಟಾಗ ಎರಡನೆಯ ದಿನಕ್ಕೇ ಬಸದಿಯವರು ಅವರನ್ನು ಕಬ್ಬಿನ ಗದ್ದೆಗೆ ಓಡಿಸಿದ್ದರು. ಅದು ನನಗೆ ಪಾಠವಾಗಬೇಕಿತ್ತು. ಆಗಲಿಲ್ಲ, ಬುದ್ಧಿ ಬಾಡಿಗೆಗೆ ಸಿಗುವ ವಸ್ತುವಲ್ಲ.

ಹೋದ ವರ್ಷ ಊರ ಹೊರಗಿನ ಹೊಲದಲ್ಲಿ ಸಿದ್ಧಚಕ್ರ ವಿಧಾನ ಏರ್ಪಾಡಾಯಿತು. ಎಂಟು ದಿನದ ಪೂಜೆ. ಮೊದಲ ದಿನ ಎಂಟು ಅರ್ಘ್ಯ, ಮರುದಿನ ಹದಿನಾರು, ಆಮೇಲೆ ಮೂವತ್ತೆರಡು, ಹೀಗೆ ದಿನದಿನಕ್ಕೆ ಇಮ್ಮಡಿಯಾಗಿ ಎಂಟನೆಯ ದಿನ ಸಾವಿರದ ಇಪ್ಪತ್ತನಾಲ್ಕು. ಪ್ರತಿ ಅರ್ಘ್ಯಕ್ಕೂ ಮಂಡಳದವರು ಒಂದು ಪದ್ಯ ಹಾಡುತ್ತಾರೆ, ಪಂಡಿತರು ಮಂತ್ರ ಹೇಳುತ್ತಾರೆ, ಕೊನೆಗೆ ಅವರು "ಸ್ವಾಹಾ" ಎಂದಾಗ ಪೆಂಡಾಲಿನಲ್ಲಿ ಕೂತವರೆಲ್ಲ ಒಟ್ಟಿಗೆ ಅರ್ಘ್ಯವನ್ನು, ಅಂದರೆ ಅಕ್ಕಿಯನ್ನೋ ಲವಂಗವನ್ನೋ, ತಟ್ಟೆಗೆ ಹಾಕುತ್ತಾರೆ. ಚಂದ್ರಮತಿಗೆ ಅರವತ್ತೆಂಟು ವರ್ಷ. ಆ ಸಾವಿರದ ಇಪ್ಪತ್ತನಾಲ್ಕು ಹಾಡಬೇಕೆಂಬುದು ಅವಳ ಮೂವತ್ತೈದು ವರ್ಷದ ಆಸೆ. ಪ್ರತಿ ಸಲವೂ ಕಮಿಟಿಯವರು ಹೊರಗಿನ ಪಾರ್ಟಿ ಕರೆಸುತ್ತಿದ್ದರು. ಈ ಸಲ ಊರ ಮಂಡಳಕ್ಕೇ ಸಿಕ್ಕಿತ್ತು.

ಕಮಿಟಿಯ ಹಿರಿಯ ವೃಷಭಣ್ಣ ಕುರ್ಚಿಯ ಮೇಲಿನ ರೇಡಿಯೋ ನೋಡಿ ಮುಖ ಸಿಂಡರಿಸಿದರು.

"ನಾಕ ಸಾವಿರ ಮಂದಿ ಕೂಡ್ತಾರವ್ವಾ. ಇದರ ಸಪ್ಪಳ ಮೊದಲನೇ ಸಾಲಿಗಾದ್ರೂ ಮುಟ್ಟೀತೇನು?"

"ಮಂದಿಗೆ ಮುಟ್ಟಸಾಕ ಬಾಳಾಸಾಬಣ್ಣಾರ ಸ್ಪೀಕರ ಅದಾವಲ್ರಿ ಕಾಕಾ," ಎಂದಳು ರೂಪಾಲಿ. "ಇದು ಬರೇ ನಮಗ ಕೇಳಾಕ. ಇದರ ಮುಂದ ಒಂದ ಮೈಕ್ ಇಟ್ರ ಆತು."

ನಾನು ಬಾಯಿ ಹಾಕಿದೆ. ಇಷ್ಟು ದೊಡ್ಡ ಪೆಂಡಾಲಿಗೆ ಹಪ್ಪಳದ ಡಬ್ಬಿ ಇಟ್ಟರೆ ನನ್ನ ಹೆಸರು ಕೆಡುತ್ತದೆ ಎಂದೆ. ಟೆಂಪೋದಿಂದ ನೂರು ವ್ಯಾಟಿನ ಮಷಿನ್ನು ಇಳಿಸಿ ಅವಳ ಬೆನ್ನ ಹಿಂದೆ ನೆಲದ ಮೇಲೆ ಕೂರಿಸಿದೆ. ವೃಷಭಣ್ಣ ತಲೆಯಾಡಿಸಿದರು. ರೂಪಾಲಿ ರೇಡಿಯೋಗೆ ಟವೆಲ್ ಸುತ್ತಿ ಬದಿಗಿಟ್ಟಳು.

ಮೊದಲ ಆರು ದಿನ ಹೇಗೋ ಸಾಗಿತು. ಏಳನೆಯ ದಿನ ಐನೂರ ಹನ್ನೆರಡು ಅರ್ಘ್ಯ. ಮಧ್ಯಾಹ್ನ ಪೂಜೆ ಮುಗಿಯುವ ಹೊತ್ತಿಗೆ ಕೊನೆಯ ಸಾಲಿನಿಂದ ಪದ್ಮವ್ವ ಎದ್ದು ಬಂದಳು. ಎಂಬತ್ತರ ಮುದುಕಿ, ದಿನವೂ ಮನೆಯಿಂದಲೇ ಲವಂಗ ಎಣಿಸಿ ಚೀಲದಲ್ಲಿ ತರುವವಳು. ಅರ್ಘ್ಯಕ್ಕೊಂದು ಲವಂಗ, ಲೆಕ್ಕ ತಪ್ಪುವಂತೆಯೇ ಇಲ್ಲ.

"ಇನ್ನಾ ಏಳ ಅರ್ಘ್ಯ ಇದ್ದಾಂಗನ ನನ್ನ ಲವಂಗ ಮುಗದು," ಎಂದು ಖಾಲಿ ಚೀಲ ಕೊಡವಿದಳು. "ಐನೂರಾ ಹನ್ನೆರಡು ಎರಡ ಸಲ ಎಣಿಸಿ ತಂದೇನಿ. ನನಗ ಕಣ್ಣ ಹೋಗ್ಯಾವೋ, ನಿಮಗ ಬಾಯಿ ಹೋಗ್ಯಾವೋ ಹೇಳ್ರಿ."

ವಿಚಾರಿಸಿದರೆ ಹಿಂದಿನ ಹತ್ತು ಸಾಲಿನದೂ ಅದೇ ಕಥೆ. ಪೂಜೆಯಲ್ಲಿ ಲೆಕ್ಕ ತಪ್ಪುವುದೆಂದರೆ ಸಣ್ಣ ಮಾತಲ್ಲ. ವೃಷಭಣ್ಣ ಕೆಂಡವಾದರು. ಗಡಿಯಾಚೆಯ ಕೀಬೋರ್ಡ್ ಪಾರ್ಟಿಯೊಂದಕ್ಕೆ ಅಲ್ಲೇ ಫೋನ್ ಹಚ್ಚಿ, ನಾಳೆ ಮುಂಜಾನೆ ಬನ್ನಿ ಎಂದರು. ಮಂಡಳದವರು ನಾಳೆ ವೇದಿಕೆ ಹತ್ತುವುದು ಬೇಡ ಎಂದರು.

ಚಂದ್ರಮತಿ ತಲೆಯ ಮೇಲಿನ ಪೂಜೆಯ ಮುಕುಟ ತೆಗೆದು ಸೆರಗಿನಲ್ಲಿ ಸುತ್ತಿದಳು. ಏಳು ದಿನ ಗಂಟಲು ಹರಿದುಕೊಂಡು ಅವಳ ದನಿ ಜರಡಿಯಾಗಿತ್ತು. "ಆತ ಬಿಡವ್ವಾ," ಎಂದು ಸೊಸೆಗೆ ಹೇಳಿದಳು. "ನನ್ನ ಹಣೇಬರದಾಗ ಸಾವಿರದ ಇಪ್ಪತ್ನಾಕು ಬರದಿಲ್ಲ."

ರೂಪಾಲಿ ಹೋಗಿ ಪದ್ಮವ್ವನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಆಯೀ, ನೀವು ಲವಂಗ ಯಾವಾಗ ಹಾಕಿದ್ರಿ?"

"ಪದ್ಯ ಮುಗದು ನಿನ್ನ ಗಿಟಾರ ಟಣ್ ಅಂದ ಕೂಡ್ಲೆ."

"ಪಂಡಿತರು ಸ್ವಾಹಾ ಅಂದಿದ್ದು ಕೇಳಸ್ಲಿಲ್ಲೇನ್ರಿ?"

"ಎಲ್ಲಿ ಕೇಳಸಬೇಕು? ಅವರ ಬಾಯಿ ಅಲ್ಲಾಡೋದ ಅಷ್ಟ ಕಂಡೇನಿ."

ರೂಪಾಲಿ ಅತ್ತೆಯ ಕಡೆ ತಿರುಗಿದಳು. "ಅತ್ತಿಯಾರ, ನೀವು ಕಡೀ ಸಾಲು ಎಷ್ಟ ಸಲ ತಿರಿಗಿ ಹಾಡಿದ್ರಿ?"

ಚಂದ್ರಮತಿ ಯೋಚಿಸಿದಳು. "ನನ್ನ ದನಿ ನನಗ ಕೇಳದಾಂಗ ಆದಾಗ ಹಾಡೇನೋ ಇಲ್ಲೋ ಅಂತ ತಿರಿಗಿ ಅಂದೇನಿ. ಏಳ ಸಲ ಆಗಿರಬೇಕು."

ಏಳು ಸಲ ತಿರುಗಿ ಹಾಡಿದ್ದು, ಏಳು ಸಲ ಗಿಟಾರ್ ಎರಡೆರಡು ಬಾರಿ ಟಣ್ ಎಂದದ್ದು, ಹಿಂದಿನ ಸಾಲಿನಲ್ಲಿ ಏಳು ಲವಂಗ ಹೆಚ್ಚು ಬಿದ್ದದ್ದು. ಯಾರೂ ನನ್ನತ್ತ ನೋಡಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಸ್ಥಿತಿ. ನನ್ನ ದೊಡ್ಡ ಮಷಿನ್ನಿನ ಅಬ್ಬರ ವೇದಿಕೆಯ ಎಲ್ಲ ಮೈಕುಗಳಿಗೂ ನುಗ್ಗುತ್ತಿತ್ತು. ಪಂಡಿತರ ಮೈಕ್ ಸಿಳ್ಳೆ ಹಾಕತೊಡಗಿದಾಗ ನಾನು ಮಷಿನ್ನು ಇಳಿಸುವ ಬದಲು ಅವರ ಮೈಕನ್ನೇ ಇಳಿಸಿದ್ದೆ. ನಾಲ್ಕು ಸಾವಿರ ಜನ ಕಾಯುವ ಆ ಒಂದು ಮಾತನ್ನು ನಾನೇ ನುಂಗಿ ಕೂತಿದ್ದೆ. ಇದ್ದದ್ದನ್ನು ಇದ್ದಂತೆ ಹೇಳಿ, "ತಪ್ಪು ಮಂಡಳದವ್ರದಲ್ರಿ, ನಂದು," ಎಂದೆ.

ವೃಷಭಣ್ಣ ನನ್ನತ್ತ ತಿರುಗಿದರು. "ಫೋನ ಹಚ್ಚೂಕಿಂತ ಮೊದಲ ಹೇಳಾಕ ಏನಾಗಿತ್ತೋ ನಿನಗ?" ಎಂದರು. ಆಮೇಲೆ ರೂಪಾಲಿಗೆ, "ನಾಳೆ ಮೊದಲಿನ ನೂರ ಅರ್ಘ್ಯ ನಿಮ್ಮವು. ಕೀಬೋರ್ಡಿನವರು ಬಾಜೂಕ ಕೂತಿರ್ತಾರು. ಹಿಂದಿನ ಸಾಲಿನ್ಯಾಗ ಒಂದ ಲವಂಗ ತಪ್ಪಿದ್ರೂ ಅವರು ಹತ್ತತಾರು, ನೀವು ಇಳೀತೀರಿ," ಎಂದರು.

ಮರುದಿನ ಬೆಳಿಗ್ಗೆ ಐದೂವರೆಗೆ ನನ್ನ ನೂರು ವ್ಯಾಟಿನ ಮಷಿನ್ನನ್ನು ನಾನೇ ಹೊತ್ತು ಟೆಂಪೋಗೆ ಹಾಕಿದೆ. ರೂಪಾಲಿ ಟವೆಲ್ ಬಿಚ್ಚಿ ರೇಡಿಯೋವನ್ನು ಕುರ್ಚಿಯ ಮೇಲಿಟ್ಟಳು, ಮುಂಗಾಲಿಗೆ ಒಂದು ಇಟ್ಟಿಗೆ ಚೂರು ಕೊಟ್ಟು ಅದರ ಬಾಯಿಯನ್ನು ತನ್ನ ಮತ್ತು ಅತ್ತೆಯ ಕಿವಿಯ ಕಡೆ ಎತ್ತಿದಳು. ವಾಲ್ವು ಕಾಯಲು ಎರಡು ನಿಮಿಷ ಬೇಕು. ಅಷ್ಟರಲ್ಲಿ ನಾನು ಅದರ ಮುಂದೆ ಒಂದು ಮೈಕ್ ಇಟ್ಟೆ. ಅವಳು ಮೀಟಿದಳು. ವೇದಿಕೆಯ ಮೇಲೆ ಮನೆಯ ಪಡಸಾಲೆಯಲ್ಲಿ ಕೂತಷ್ಟು ಮೆತ್ತಗಿತ್ತು. ಪಂಡಿತರ ಮೈಕನ್ನು ಏರಿಸಿದೆ, ಇನ್ನೂ ಏರಿಸಿದೆ. ಸಿಳ್ಳೆ ಹೊಡೆಯಲೇ ಇಲ್ಲ.

ಆಮೇಲೆ ಎದ್ದು ಹೋಗಿ ಕೊನೆಯ ಸಾಲಿನಲ್ಲಿ ಪದ್ಮವ್ವನ ಪಕ್ಕ ಕೂತೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತದ್ದು ಅದೇ ಮೊದಲು. ಪದ್ಮವ್ವ ಆ ದಿನ ನೂರು ನೂರು ಲವಂಗದ ಹತ್ತು ಪೊಟ್ಟಣ, ಇಪ್ಪತ್ತನಾಲ್ಕರ ಒಂದು ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಚಂದ್ರಮತಿ ಹಾಡಿದಳು. ಅವಳು ಕೂಗಲಿಲ್ಲ, ಅದರ ಅಗತ್ಯವೇ ಇರಲಿಲ್ಲ. ತನ್ನ ದನಿ ತನಗೆ ಕೇಳಿಸಿದವರು ಹೇಗೆ ಹಾಡುತ್ತಾರೆಂದು ಆವತ್ತು ಗೊತ್ತಾಯಿತು. ಗಿಟಾರ್ ಅವಳ ಕೈ ಹಿಡಿದುಕೊಂಡು ನಡೆಯುತ್ತಿತ್ತು. ಪದ್ಯ ಮುಗಿಯಿತು, ಗಿಟಾರ್ ನಿಂತಿತು, ಪಂಡಿತರ ಮಂತ್ರ ಅಕ್ಷರ ಅಕ್ಷರವಾಗಿ ನಮ್ಮವರೆಗೆ ಬಂತು. ಸ್ವಾಹಾ. ಪೆಂಡಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಕೈಗಳೂ ಒಂದೇ ಸಲ ಕೆಳಗಿಳಿದವು. ಅದನ್ನು ನೋಡಿ ನನ್ನ ಎದೆ ನಿಜವಾಗಿ ನಡುಗಿತು.

ನೂರು ಆದಾಗ ವೃಷಭಣ್ಣ ಖುದ್ದಾಗಿ ಹಿಂದಕ್ಕೆ ಬಂದರು. ಪದ್ಮವ್ವ ಖಾಲಿ ಪೊಟ್ಟಣದ ಕಾಗದ ಬಿಡಿಸಿ ಎರಡೂ ಬದಿ ತೋರಿಸಿದಳು. ಅವರು ಅಕ್ಕಪಕ್ಕದ ನಾಲ್ಕು ಜನರನ್ನೂ ಕೇಳಿ ಖಾತ್ರಿ ಮಾಡಿಕೊಂಡು, ಕೀಬೋರ್ಡಿನವರ ಹತ್ತಿರ ಹೋಗಿ, "ನೀವು ಆರಾಮ ಕೂತು ಪೂಜಿ ನೋಡ್ರಿ, ಮುಗದ ಮ್ಯಾಲ ಊಟಾ ಮಾಡ್ಕೊಂಡ ಹೋಗ್ರಿ," ಎಂದರು. ಅವರ ಪಾರ್ಟಿಯ ಹಿರಿಯನೊಬ್ಬ ಅಷ್ಟು ಹೊತ್ತಿಗಾಗಲೇ ವೇದಿಕೆಯ ಬದಿಗೆ ಹೋಗಿ, ಬಗ್ಗಿ, ರೇಡಿಯೋದೊಳಗೆ ಉರಿಯುತ್ತಿದ್ದ ವಾಲ್ವನ್ನು ಇಣುಕಿ ನೋಡುತ್ತಿದ್ದ.

ಐದನೆಯ ಪೊಟ್ಟಣದ ಹೊತ್ತಿಗೆ ನಮ್ಮ ಸಾಲಿನ ಹೆಂಗಸರು ಪದ್ಯ ಗುನುಗತೊಡಗಿದರು. ಎಂಟನೆಯದರ ಹೊತ್ತಿಗೆ ಇಡೀ ಪೆಂಡಾಲು ಹಾಡುತ್ತಿತ್ತು. ನನ್ನ ಸ್ಪೀಕರಿನ ಅಬ್ಬರದಲ್ಲಿ ಈ ಊರ ಜನ ಯಾವ ಪೂಜೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ನಾನು ಸಾವಿರ ಸಲ ಕೇಳಿದ್ದೆ. ಅರ್ಥವಾದದ್ದು ಆ ಮಧ್ಯಾಹ್ನ.

ಮೂರು ದಾಟಿತ್ತು. ಪದ್ಮವ್ವ ಕೊನೆಯ ಪೊಟ್ಟಣ ಬಿಚ್ಚಿದಳು. ಹತ್ತು ಉಳಿದವು, ಐದು ಉಳಿದವು. ಸಾವಿರದ ಇಪ್ಪತ್ತಮೂರು ಆದಾಗ ಅವಳ ಅಂಗೈಯಲ್ಲಿ ಒಂದೇ ಲವಂಗ. ಚಂದ್ರಮತಿ ಕೊನೆಯ ಪದ್ಯ ಒಂದೇ ಸಲ ಹಾಡಿ ನಿಲ್ಲಿಸಿದಳು. ಪಂಡಿತರು ಸ್ವಾಹಾ ಎಂದರು. ಲವಂಗ ತಟ್ಟೆಗೆ ಬಿತ್ತು.

ಪೆಂಡಾಲು ಸ್ತಬ್ಧವಾಗಿತ್ತು. ಚಂದ್ರಮತಿ ಮೈಕಿನಲ್ಲೇ ಕೇಳಿದಳು. "ಪದ್ಮವ್ವಾ, ಎಷ್ಟ ಉಳದಾವು?"

ನಾಲ್ಕು ಸಾವಿರ ಜನ ಹಿಂದಕ್ಕೆ ತಿರುಗಿದರು. ಪದ್ಮವ್ವ ನನ್ನ ಹೆಗಲು ಹಿಡಿದು ಎದ್ದು ನಿಂತಳು, ಚೀಲದ ಒಳಮೈ ಹೊರಗೆ ಮಾಡಿ ಎತ್ತಿ ತೋರಿಸಿದಳು.

"ಒಂದೂ ಉಳದಿಲ್ಲವ್ವಾ," ಎಂದಳು.

ಅವಳ ಹತ್ತಿರ ಮೈಕ್ ಇರಲಿಲ್ಲ. ವೇದಿಕೆಯ ಮೇಲೆ ಅತ್ತೆ-ಸೊಸೆ ಇಬ್ಬರಿಗೂ ಕೇಳಿಸಿತು.