ಮೊದಲ ಮೊರದ ರಾಗಿ

ನಾನು ಹುಟ್ಟಾ ಪುಕ್ಕಲ. ಮೂವತ್ತು ವರ್ಷ ಮೇಷ್ಟ್ರಾಗಿ ಮಕ್ಕಳನ್ನು ಹೆದರಿಸಿದವನು ಇದನ್ನು ಒಪ್ಪಿಕೊಳ್ಳುವುದು ನಾಚಿಕೆಗೇಡು.

ಚೌಳಹಿರಿಯೂರಿನ ಹತ್ತಿರ ನಮ್ಮದೊಂದು ಹೊಲವಿದೆ. ಊರವರು ಈಗಲೂ ಅದನ್ನು ತೋಟಿ ಹೊಲ ಎನ್ನುತ್ತಾರೆ. ಊರ ಚಾಕರಿ ಮಾಡುತ್ತಿದ್ದ ತೋಟಿಗೆ ಸರ್ಕಾರ ಕೊಟ್ಟಿದ್ದ ಜಮೀನು. ಅದು ನಮ್ಮ ತಾತನ ಕೈಗೆ ಹೇಗೆ ಬಂತೆಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಆದರೆ ಪ್ರತಿ ಸುಗ್ಗಿಯಲ್ಲೂ ಆ ಹೊಲದ ರಾಶಿಯಿಂದ ಮೊದಲ ಮೊರ ರಾಗಿ ಕೇರಿಯಲ್ಲಿದ್ದ ತೋಟಿಯ ಮನೆಗೆ ಹೋಗುತ್ತಿತ್ತು. ಮಠದ ಪಾಲು ಆಮೇಲೆ. ಬರಿಯ ದಾನವಾಗಿದ್ದರೆ ಮಠಕ್ಕಿಂತ ಮುಂಚೆ ಯಾರು ಕೊಡುತ್ತಾರೆ? ಅದು ಆ ಹೊಲದ ಋಣವೆಂದು ಅಪ್ಪನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಅಪ್ಪ ಹೋದ ಮೇಲೆ ಮೊರ ಹೊರುವ ಕೆಲಸ ನನ್ನದಾಯಿತು. ಆ ಮನೆಯಲ್ಲಿ ಈಗಿರುವುದು ತೋಟಿಯ ಸೊಸೆ, ಎಂಬತ್ತು ದಾಟಿದ ಅಜ್ಜಿ. ನಮ್ಮ ಮನೆಯವರು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದರು. ಕಾಲೇಜು ಓದಿದ ನಾನು ಬಹುವಚನಕ್ಕೆ ಬದಲಾಯಿಸಿ, ದೊಡ್ಡ ಋಣ ತೀರಿತೆಂದುಕೊಂಡಿದ್ದೆ.

ಹೋದ ಸುಗ್ಗಿಯಲ್ಲಿ ಅಜ್ಜಿ ಮೊರಕ್ಕೆ ಕೈಯೊಡ್ಡಲಿಲ್ಲ.

“ಈ ಸಲ ಬ್ಯಾಡ ಮೇಷ್ಟ್ರೇ. ಹೊಲ ವಾಪಸ್ ಕೊಡ್ಸಿ ಅಂತ ಅರ್ಜಿ ಹಾಕಿದೀವಿ. ಈ ಮೊರ ಯಾಕ್ ಬತ್ತಿತ್ತು ಅಂತ ಹೇಳಕ್ಕೆ ನಿಮ್ಮನ್ನೇ ಸಾಕ್ಷಿ ಬರ್ಸಿದೀನಿ. ನೀವು ಸುಳ್ಳು ಹೇಳಲ್ಲ.”

ಮೊರ ಹೊತ್ತು ಹಿಂದಿರುಗಿದೆ. ಹಾದಿಗುಂಟ ಜನ ನೋಡುತ್ತಿದ್ದರು. ಹೊಲ ಉಳುವವನು ನನ್ನ ತಮ್ಮ. ಅಜ್ಜಿ ಹೇಳಿದ್ದನ್ನು ತಿಳಿಸಿದಾಗ ಅವನು ರೇಗಲಿಲ್ಲ. ಅದಕ್ಕೇ ಇನ್ನಷ್ಟು ಭಯವಾಯಿತು.

“ಧರ್ಮಕ್ಕೆ ಕೊಡ್ತಿದ್ವಿ ಅಂದ್ಬಿಡು, ಮುಗೀತು. ತಾತ ಮಾಡಿದ್ದಕ್ಕೆ ನಾವ್ಯಾಕೆ ಹೊಣೆ ಕಣಣ್ಣ?”

ಆ ಮಾತು ಹಿತವಾಗಿಯೇ ಕೇಳಿಸಿತು. ಆದರೆ ನನ್ನನ್ನು ಓದಿಸಿದ್ದು ಆ ಹೊಲದ ರಾಗಿಯೇ. ತಾತ ಸತ್ತ, ರಾಗಿ ಇನ್ನೂ ನಮ್ಮ ಮನೆಗೇ ಬರುತ್ತಿದೆ. ವಿಚಾರಣೆಯ ದಿನದವರೆಗೂ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ತರೀಕೆರೆಯ ಎ.ಸಿ. ಕಚೇರಿಯಲ್ಲಿ ಸಾಹೇಬರು ಮೊರದ ವಿಷಯ ಕೇಳಿದಾಗ ನನ್ನ ಬಾಯಿ ಒಣಗಿತು. ಅಜ್ಜಿ ಎದ್ದುಬಂದು ತಾವು ತಂದಿದ್ದ ನೀರಿನ ಬಾಟಲಿ ಮುಂದೆ ಹಿಡಿದರು. ತೆಗೆದುಕೊಳ್ಳುವ ಮುಂಚೆ ನಾನು ಹಿಂದೆ ಕೂತಿದ್ದ ತಮ್ಮನ ಮುಖ ನೋಡಿದೆ. ನಾನು ನೋಡಿದ್ದನ್ನು ಅಜ್ಜಿ ನೋಡಿದರು. ಬಾಟಲಿಯನ್ನು ಹಿಂದಕ್ಕೆ ತೆಗೆದುಕೊಂಡು ಮುಚ್ಚಳ ತಿರುಗಿಸಿದರು.

“ಧರ್ಮಕ್ಕೆ ಕೊಡ್ತಿದ್ವಿ,” ಎಂದೆ.

ಗುಮಾಸ್ತ ಬರೆದುಕೊಳ್ಳತೊಡಗಿದ. ಅಜ್ಜಿ ಸಾಹೇಬರ ಕಡೆ ತಿರುಗಿದರು.

“ಬರ್ಕೊಳ್ಳಿ ಸ್ವಾಮಿ. ಮೇಷ್ಟ್ರು ಹೆದರ್ಕೊಂಡವ್ರೆ, ಅದನ್ನೂ ಬರ್ಕೊಳ್ಳಿ.”