ನಿಂಗಿಯ ಬಾಣಂತನ

ಸಾವಿನ ಸುದ್ದಿ ಎರಡು ಕಡೆಯಿಂದ ಖಚಿತವಾಗದೆ ಅಚ್ಚಿಗೆ ಹೋಗಬಾರದು. ನಮ್ಮ ಪತ್ರಿಕೆಯ ಆಫೀಸಿನಲ್ಲಿ ಇದು ಕಟ್ಟುನಿಟ್ಟು. ಹದಿನೈದು ದಿನದ ಹಿಂದೆ, ಒಂದು ಶನಿವಾರ ಮಧ್ಯಾಹ್ನ, ಈ ನಿಯಮ ನಮ್ಮ ಮನೆಯ ಹಾಲ್‌ನಲ್ಲೇ ಒಂದು ಜೀವ ಉಳಿಸಿತು.

ಮೂಲೆಯಲ್ಲಿ ಸ್ಟೂಲು. ಸ್ಟೂಲಿನ ಮೇಲೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ನಿಂಗಿ ಅಂಗಾತ ಬಿದ್ದಿದ್ದಳು. ಎಂಟೂ ಕಾಲು ಮೇಲಕ್ಕೆ.

‘ಹೋಯ್ತು ಬುಡು,’ ಎಂದರು ನಮ್ಮ ಅತ್ತೆ. ದನಿಯಲ್ಲಿ ದುಃಖವಿತ್ತು ಎಂದು ನಾನು ಬರೆಯಲಾರೆ.

ನಿಂಗಿ ಒಂದು ಜೇಡ. ಸೂರಿನಲ್ಲಿ ಬಲೆ ಕಟ್ಟುವ ಕಡ್ಡಿಕಾಲಿನ ಬಡಜೇಡ ಅಲ್ಲ. ಟ್ಯಾರಂಟುಲ ಎಂಬ ಜಾತಿ. ಅಂಗೈಯಷ್ಟು ಅಗಲ, ಮೈತುಂಬ ಕೂದಲು. (ತೆಂಗಿನ ನಾರಿನ ಉಂಡೆಯೊಂದು ಎದ್ದು ವಾಕಿಂಗ್ ಹೊರಟರೆ ಹೇಗಿರುತ್ತದೋ ಹಾಗೆ.) ಸಾಕಿರುವವನು ನನ್ನ ಹೆಂಡತಿ ಶಾರದೆಯ ತಮ್ಮ ಪ್ರಕಾಶ. ಗುಬ್ಬಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್.

ನಾಲ್ಕು ವರ್ಷದ ಹಿಂದೆ ಕಡಬದಲ್ಲಿ ನಿಂಗಣ್ಣ ಎಂಬವರ ತೋಟದಲ್ಲಿ ತೆಂಗಿನ ಸಸಿಗೆ ಗುಂಡಿ ತೋಡುವಾಗ ಇದು ಸಿಕ್ಕಿತಂತೆ. ಆಳುಗಳು ಗುದ್ದಲಿ ಎತ್ತಿದರು. ಪ್ರಕಾಶ ಟಿಫನ್ ಕ್ಯಾರಿಯರ್ ಎತ್ತಿದ. ತೋಟದ ಯಜಮಾನರ ಗೌರವಾರ್ಥ ನಿಂಗಿ ಎಂದು ಹೆಸರಿಟ್ಟ. (ಯಜಮಾನರಿಗೆ ಈ ಗೌರವ ಸಂದಿರುವುದು ಇನ್ನೂ ತಿಳಿದಿಲ್ಲ.) ದೇವರ ಪಟಗಳಿಗೆ ಕಟ್ಟು ಹಾಕುವವನ ಹತ್ತಿರ ಗಾಜಿನ ಪೆಟ್ಟಿಗೆ ಮಾಡಿಸಿದ. ಅಂದಿನಿಂದ ಗುಬ್ಬಿಯ ಆ ಒಂಟಿ ರೂಮಿನಲ್ಲಿ ಇಬ್ಬರದೂ ಸಂಸಾರ. ಹೆಣ್ಣಿನ ಕಡೆಯವರು ಮೂರು ಸಲ ಬಂದು ರೂಮು ನೋಡಿದ್ದಾರೆ. ಮೂರು ಸಲವೂ ಕಾಫಿಗೆ ನಿಲ್ಲದೆ ಹೋಗಿದ್ದಾರೆ.

ಅವನಿಗೆ ಬೆಂಗಳೂರಿನಲ್ಲಿ ಪೇಪರ್ ವ್ಯಾಲ್ಯುಯೇಷನ್ ಬಿತ್ತು. ಹತ್ತು ದಿನ. ಪೆಟ್ಟಿಗೆಗೆ ಟವೆಲ್ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತುಮಕೂರಿನ ನಮ್ಮ ಮನೆಗೆ ತಂದ.

‘ಭಾವ, ನಿಮ್ಮನ್ನ ನಂಬಿ ಬಿಟ್ಟು ಹೋಗ್ತಿದೀನಿ,’ ಎಂದ. ‘ಇವಳಿಗೇನಾದ್ರೂ ಆದ್ರೆ ನಾನು ಈ ಮನೆ ಮೆಟ್ಟಿಲು ಹ್ಯಾಗೆ ಹತ್ಲಿ?’

ನಗುತ್ತ ಹೇಳಲಿಲ್ಲ. ಮೂವತ್ತೊಂದು ವರ್ಷದ ಗಂಡಸು ಕಣ್ಣು ಒದ್ದೆ ಮಾಡಿಕೊಂಡು ಜೇಡವನ್ನು ಒಪ್ಪಿಸಿದರೆ ಏನು ಹೇಳುತ್ತೀರಿ? ನಾನು ಮಾತು ಕೊಟ್ಟೆ.

ಎರಡನೇ ದಿನ ಕುಣಿಗಲ್‌ನಿಂದ ಅತ್ತೆ ಬಂದರು. ಅಂದರೆ ಶಾರದೆ ಮತ್ತು ಪ್ರಕಾಶನ ತಾಯಿ. ಮೂರು ಸಂಬಂಧ ಕೆಡಿಸಿದ ಜೇಡದ ಬಗ್ಗೆ ಅವರ ಅಭಿಪ್ರಾಯ ಏನಿರಬಹುದು, ಓದುಗರೇ ಊಹಿಸಬಹುದು. ಮೂರನೇ ದಿನ, ಶನಿವಾರ, ನಿಂಗಿ ಅಂಗಾತ ಬಿದ್ದಳು.

ಶಾರದೆ ಬಾಗಿಲಲ್ಲೇ ನಿಂತು ಮೊರ ತರಲೇ ಎಂದಳು. (ನಾಲ್ಕು ವರ್ಷದಲ್ಲಿ ಅವಳು ಆ ಪೆಟ್ಟಿಗೆಯ ನಾಲ್ಕಡಿ ಹತ್ತಿರ ಹೋದದ್ದಿಲ್ಲ.) ಎಲ್ಲರೂ ಸ್ನಾನ ಮಾಡಬೇಕೋ, ಕಾಲು ತೊಳೆದರೆ ಸಾಕೋ ಎಂದು ತಾಯಿ ಮಗಳು ಚರ್ಚೆಗೆ ಕೂತರು. ನಾನು ತಡೆದೆ. ಇದುವರೆಗೆ ಸಾವನ್ನು ಹೇಳಿರುವವರು ಒಬ್ಬರೇ. ಅವರೂ ತಟಸ್ಥರಲ್ಲ. ಎರಡನೇ ಕಡೆಯಿಂದ ಕೇಳೋಣ.

ಆಫೀಸಿಗೆ ಹೋಗಿ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದೆ. ಮುಕ್ಕಾಲು ಗಂಟೆಗೆ ಪ್ರಕಾಶ ಸಿಕ್ಕ. ಅಂಗಾತ ಎಂದದ್ದೇ ತಡ, ಆ ಕಡೆಯಿಂದ ಒಂದೇ ಉಸಿರಿಗೆ ಪಾಠ. ಸತ್ತಿಲ್ಲ, ಪೊರೆ ಬಿಡುತ್ತಿದ್ದಾಳೆ. ಹಾವಿನ ಹಾಗೆ ಜೇಡವೂ ಹಳೇ ಚರ್ಮದಿಂದ ಹೊರಗೆ ಬರುತ್ತದೆ. ಹಾಗೆ ಬರುವಾಗ ಹೀಗೆಯೇ ಅಂಗಾತ ಮಲಗುತ್ತದೆ.

‘ಭಾವ, ಒಂದು ನೆನಪಿಟ್ಕೊಳಿ,’ ಎಂದ. ‘ಜೇಡ ಸಾಯೋದು ಅಂಗಾತ ಅಲ್ಲ. ನಿಂತಲ್ಲೇ ಕಾಲೆಲ್ಲ ಒಂದೊಂದಾಗಿ ಹೊಟ್ಟೆ ಕೆಳಗೆ ಮಡಚ್ಕೊಳುತ್ತೆ. ಹಂಗೇನಾದ್ರೂ ಕಂಡ್ರೆ...’

ಅಲ್ಲಿಗೆ ಮೂರು ನಿಮಿಷ ಮುಗಿಯಿತು. ಎಕ್ಸ್‌ಚೇಂಜಿನ ಹೆಣ್ಣುಮಗಳು ನಡುವೆ ಬಂದು, ಏನೂ ಯೋಚನೆ ಮಾಡಬೇಡಿ ಸಾರ್, ಮನೆಯವರು ಹುಷಾರಾಗುತ್ತಾರೆ ಎಂದು ಧೈರ್ಯ ಹೇಳಿದಳು.

ನಾನು ಮನೆಗೆ ಬರುವಷ್ಟರಲ್ಲಿ ಅತ್ತೆ ಸ್ಟೂಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಪೆಟ್ಟಿಗೆಯಲ್ಲಿ ಈಗ ಇಬ್ಬರು ನಿಂಗಿಯರು. ಒಬ್ಬಳು ಕಂದು, ಖಾಲಿ. ಇನ್ನೊಬ್ಬಳು ಹೊಸಬಳು, ತಿಳಿಬಣ್ಣ, ಒದ್ದೆ, ನಡುಗುತ್ತಿದ್ದಳು. ಹಿಂದಿನ ಒಂದು ಕಾಲು ಮಾತ್ರ ಹಳೇ ಚರ್ಮದಲ್ಲೇ ಸಿಕ್ಕಿಕೊಂಡಿತ್ತು. ಎಳೆಯುತ್ತಿದ್ದಳು. ಬರುತ್ತಿರಲಿಲ್ಲ.

ನಾನು ಕಡ್ಡಿ ತೆಗೆದುಕೊಂಡೆ. ಅತ್ತೆ ನನ್ನ ಕೈ ಹಿಡಿದರು. ‘ಎಳೀಬೇಡಿ ಅಳಿಯಂದ್ರೆ. ಕಾಲು ಸಿಕ್ಕೊಂಡಾಗ ಎಳುದ್ರೆ ಎರಡೂ ಜೀವ ಹೋಯ್ತದೆ.’

ಇಲ್ಲಿ ಇದ್ದದ್ದೇ ಒಂದು ಜೀವ. ಆದರೆ ಕುಣಿಗಲ್ ಕಡೆ ಎಷ್ಟೋ ಹೆರಿಗೆ ಕಂಡ ಕೈ ಅದು. ನಾನು ಕಡ್ಡಿ ಕೆಳಗಿಟ್ಟೆ. ಅವರು ನೀರು ಬೆಚ್ಚಗೆ ಮಾಡಿಸಿದರು. ನಮ್ಮ ದೊಡ್ಡ ಮಗಳ ಡ್ರಾಯಿಂಗ್ ಬ್ರಷ್ ಅದ್ದಿ ಸಿಕ್ಕ ಜಾಗಕ್ಕೆ ಹನಿ ಹನಿಯಾಗಿ ಸವರಿದರು. ತಾಳು, ತಾಳು ಎನ್ನುತ್ತ ಎರಡು ಗಂಟೆ ಕೂತರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಲು ಈಚೆ ಬಂತು. ಸೊಟ್ಟಗೆ, ಆದರೆ ಬಂತು.

ಅತ್ತೆ ಸೊಂಟ ಹಿಡಿದುಕೊಂಡು ಎದ್ದರು. ‘ಮಗಳ ಕಡೇದು ಎರಡು ಬಾಣಂತನ ಮಾಡಿದ್ದಾಯ್ತು,’ ಎಂದರು. ‘ಮಗನ ಕಡೇದು ಇದೇ ಮೊದಲು.’

ಅಲ್ಲಿಂದ ಮನೆಯ ಆಡಳಿತ ಬದಲಾಯಿತು. ಪೆಟ್ಟಿಗೆ ಹಾಲ್‌ನಿಂದ ಒಳಕೋಣೆಗೆ ಹೋಯಿತು. ಕಿಟಕಿ ಮುಚ್ಚಿತು. ಗಾಳಿ ಸೋಕದಂತೆ ಹಳೇ ಹತ್ತಿ ಸೀರೆಯ ಹೊದಿಕೆ. ಮೇಲೆ ಕಬ್ಬಿಣ ಇರಲಿ ಎಂದು ಅಡಕೆಕತ್ತರಿ. ಗಾಜಿನ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು. (ಯಾರ ದೃಷ್ಟಿ ತಾಗೀತು ಎಂದು ನಾನು ಕೇಳಲಿಲ್ಲ. ಕೆಲವು ಪ್ರಶ್ನೆ ಮಾವನ ಮನೆಯವರಿಗೆ ಹಾಕಬಾರದು.) ಎದುರುಮನೆಯ ರುದ್ರಮ್ಮನವರು ಬಾಣಂತಿ ಇದ್ದಾಳಂತೆ ಎಂದು ಕೇಳಿ ಕೊಬ್ಬರಿ, ಬೆಲ್ಲ ಹಿಡಿದು ಬಂದರು. ಸೀರೆ ಸರಿಸಿ ನೋಡಿದರು. ಕೊಬ್ಬರಿ, ಬೆಲ್ಲ ನಮ್ಮ ಮನೆಯಲ್ಲೇ ಉಳಿಯಿತು.

ಮಂಗಳವಾರ ಪ್ರಕಾಶನ ಇನ್‌ಲ್ಯಾಂಡ್ ಲೆಟರ್ ಬಂತು. ಪೊರೆ ಬಿಟ್ಟ ಜೇಡದ ಆರೈಕೆ, ಶಾಸ್ತ್ರೋಕ್ತವಾಗಿ, ಇಂಕಿನಲ್ಲಿ. ನಾನು ಗಟ್ಟಿಯಾಗಿ ಓದಿದೆ. ಬೆಚ್ಚಗಿಡಿ. ಅತ್ತೆ ತಲೆಯಾಡಿಸಿದರು. ಕತ್ತಲಿರಲಿ, ಗಾಳಿ ಹೊಡೆಯಬಾರದು. ತಲೆಯಾಡಿಸಿದರು. ಹಲ್ಲು ಇನ್ನೂ ಮೆತ್ತಗಿರುತ್ತದೆ, ಹತ್ತು ದಿನ ಊಟ ಬೇಡ, ಜಿರಲೆ ಹಾಕಬೇಡಿ. ಅದನ್ನೇ ಪಥ್ಯ ಅನ್ನುವುದು ಎಂದರು. ನೀರಿನ ತಟ್ಟೆ ಸದಾ ತುಂಬಿರಲಿ. ಇದಕ್ಕೆ ಸುಮ್ಮನಿದ್ದರು. ಹೊಗೆ ಕೂಡದು, ಅಮ್ಮನಿಗೆ ಸಾಂಬ್ರಾಣಿ ಹಾಕಲು ಬಿಡಬೇಡಿ. ಇದಕ್ಕೆ ಮುಖ ಸಣ್ಣಗೆ ಮಾಡಿಕೊಂಡು, ಆಯಿತು ಬಿಡಿ ಎಂದು ಸಾಂಬ್ರಾಣಿ ಪೊಟ್ಟಣ ಎತ್ತಿಟ್ಟರು.

ನನಗೆ ಆಶ್ಚರ್ಯವೋ ಆಶ್ಚರ್ಯ. ಎಂ.ಎಸ್ಸಿ. ಓದಿದವನೂ, ನಾಲ್ಕನೇ ಕ್ಲಾಸಿಗೆ ಬಿಟ್ಟವರೂ ಒಂದೇ ಪಟ್ಟಿ ಕೊಡುತ್ತಿದ್ದಾರೆ! ಸಾಂಬ್ರಾಣಿ ಒಂದು ಬಿಟ್ಟರೆ ಭಿನ್ನಾಭಿಪ್ರಾಯವೇ ಇಲ್ಲ ಎಂದುಕೊಂಡೆ. ಆದರೆ ಇನ್ನೊಂದು ಸಾಲಿಗೂ ಅತ್ತೆ ತಲೆಯಾಡಿಸಿರಲಿಲ್ಲ. ಇಪ್ಪತ್ತು ವರ್ಷ ಸುದ್ದಿ ಹಿಡಿಯುವ ಕೆಲಸ ಮಾಡಿದವನ ಕಣ್ಣಿಗೆ ಅದು ಬೀಳಬೇಕಿತ್ತು. ಬೀಳಲಿಲ್ಲ.

ಬುಧವಾರ ಬೆಳಿಗ್ಗೆ ಸೀರೆ ಸರಿಸಿದೆ. ನಿಂಗಿ ನಿಂತಿದ್ದಳು. ಹೊಟ್ಟೆ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿತ್ತು. ಮುಂದಿನ ಎರಡು ಕಾಲು ಹೊಟ್ಟೆಯ ಕೆಳಗೆ ಮಡಚಿಕೊಂಡಿದ್ದವು. ನಾನು ನೋಡುತ್ತಿರುವಂತೆಯೇ ಮೂರನೆಯದು ಮೆಲ್ಲಗೆ ಒಳಗೆ ಹೊರಟಿತು.

ಟ್ರಂಕ್ ಕಾಲಿನ ಕೊನೆಯ ಮಾತು ನೆನಪಾಯಿತು. ಪೆಟ್ಟಿಗೆಯಲ್ಲಿ ತಟ್ಟೆ ಇರಲಿಲ್ಲ.

‘ಅತ್ತೆ, ನೀರಿನ ತಟ್ಟೆ?’

‘ತೆಗೆದಿಟ್ಟೆ. ಭಾನುವಾರವೇ.’ ಅವರು ಅವರೆಕಾಯಿ ಬಿಡಿಸುತ್ತಿದ್ದರು. ‘ಹಸೀ ಮೈಗೆ ಯಾರಾದ್ರೂ ನೀರು ಕುಡಿಸ್ತಾರಾ? ನಂಜಾಯ್ತದೆ.’

ನಾನು ಕಾಗದ ತಂದು ಆ ಸಾಲು ಓದಿದೆ. ಅತ್ತೆ ಕೊನೆಯವರೆಗೆ ಕೇಳಿ, ‘ಅವನು ಎಷ್ಟು ಬಾಣಂತನ ಮಾಡವ್ನೆ?’ ಎಂದರು.

ಎರಡೂ ಕಡೆಯ ವಾದ ಕೇಳದೆ ತೀರ್ಮಾನಕ್ಕೆ ಬರುವ ಅಭ್ಯಾಸ ನನಗಿಲ್ಲ. ಒಂದು ಕಡೆ ವಿಜ್ಞಾನ, ಒಂದು ಕಡೆ ಅನುಭವ. ಮಧ್ಯದ ದಾರಿ ಇರಬಹುದಲ್ಲ? ಕಾಯಿಸಿ ಆರಿಸಿದ ನೀರಾದರೆ ಆಗಬಹುದೇ ಎಂದು ಕೇಳಿದೆ. ಆಗಬಹುದು, ಒಂದು ಚಮಚ, ಅದೂ ಐದನೇ ದಿನಕ್ಕೆ ಎಂದರು. ಶನಿವಾರದಿಂದ ಲೆಕ್ಕ ಹಾಕಿದರೆ ಇಂದೇ ಐದನೇ ದಿನ ಎಂದೆ. ಕಾಲು ಈಚೆ ಬಂದದ್ದು ದೀಪ ಹಚ್ಚಿದ ಮೇಲೆ, ಆ ದಿನ ಲೆಕ್ಕಕ್ಕಿಲ್ಲ ಎಂದರು. ನಾನು ಶನಿವಾರದ ಸೂರ್ಯಾಸ್ತ ನೋಡಲು ಕ್ಯಾಲೆಂಡರಿನ ಹತ್ತಿರ ಹೋದೆ. ನಾಲ್ಕನೇ ಕಾಲು ಮಡಚಿತು.

ಅಷ್ಟರಲ್ಲಿ ನನ್ನ ಮೇಜಿನ ಮೇಲಿದ್ದ ಪೆನ್ನಿಗೆ ಇಂಕು ತುಂಬುವ ಫಿಲ್ಲರ್ ತೊಳೆಯುವ ಸದ್ದು ಬಂತು. ಶಾರದೆ ಒಳಗೆ ಬಂದಳು. ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಹೋಗಿ ಅಡಕೆಕತ್ತರಿ ಎತ್ತಿಟ್ಟು, ಮುಚ್ಚಳ ತೆಗೆದು, ಅಂಗೈಯಗಲದ ಆ ಪ್ರಾಣಿಯ ಮುಖದ ಮುಂದೆ ಕೈ ಇಳಿಬಿಟ್ಟಳು. ಫಿಲ್ಲರಿನ ರಬ್ಬರ್ ಒತ್ತಿದಳು. ಒಂದು ಹನಿ. ಇನ್ನೊಂದು.

‘ಕುಡಿಯೇ,’ ಎಂದಳು.

‘ಶಾರದಾ, ನಿನ್ನ ಎರಡು ಬಾಣಂತನ ಮಾಡಿದೋಳು ನಾನು,’ ಎಂದರು ಅತ್ತೆ.

‘ಗೊತ್ತಮ್ಮ. ಬಾಣಂತಿ ನಾನೇ ಅಲ್ವಾ?’

ನಿಂಗಿ ಅಲ್ಲಾಡಲಿಲ್ಲ. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ. (ನೋಡದೆ ಇದ್ದದ್ದು ಅದೇ ಮೊದಲಿರಬೇಕು.) ಆಮೇಲೆ ಮುಖ ಮೆಲ್ಲಗೆ ತಗ್ಗಿತು. ಹನಿಯೊಳಗೆ ಬಾಯಿ ಇಟ್ಟಳು. ಕುಡಿದಳು. ಫಿಲ್ಲರ್ ಮೂರು ಸಲ ತುಂಬಿದೆವು. ಹತ್ತೂವರೆಗೆ ಒಂದು ಕಾಲು ಈಚೆ ಬಂತು. ಊಟದ ಹೊತ್ತಿಗೆ ಎಲ್ಲವೂ ಈಚೆ ಬಂದವು, ಸೊಟ್ಟಗಾಲೂ ಸೇರಿ.

ಅತ್ತೆ ಅಡುಗೆಮನೆಗೆ ಹೋಗಿದ್ದವರು ತಟ್ಟೆಯಲ್ಲಿ ನೀರು ತಂದರು. ಪೆಟ್ಟಿಗೆಯೊಳಗೆ ತಾವೇ ಇಟ್ಟರು. ಬೆಚ್ಚಗಿನ ನೀರೇ ಎಂದು ಸ್ಪಷ್ಟಪಡಿಸಿದರು. ಯಾರಿಗೆಂದಿಲ್ಲದೆ ಹೇಳಿಕೊಂಡರು: ‘ನಮ್ಮವ್ವ ನಂಗೂ ಕೊಡ್ನಿಲ್ಲ. ಬಾಯಿ ಮುಕ್ಕಳಿಸೋಕೆ ಕೊಟ್ಟ ನೀರ್ನ ಕದ್ದು ನುಂಗ್ಬುಟ್ಟಿದ್ದೆ.’

‘ನಾನೂ ಅಷ್ಟೇ,’ ಎಂದಳು ಶಾರದೆ.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಎರಡು ತಲೆಮಾರು ನೀರು ಕದ್ದು ಕುಡಿದಿದೆ, ಎರಡು ತಲೆಮಾರು ಮುಂದಿನವಳಿಗೆ ನೀರು ಮುಚ್ಚಿಟ್ಟಿದೆ. ಪ್ರೀತಿಯಿಂದಲೇ. ಇದನ್ನು ಏನೆನ್ನಬೇಕು? ನಾನಂತೂ ಆ ಬೆಳಿಗ್ಗೆ ಎರಡು ಪಕ್ಷದವರನ್ನೂ ಕೇಳಿದೆ. ಬಾಯಾರಿದವಳು ಯಾವ ಪಕ್ಷ ಎಂದು ಕೇಳಲು ಹೊಳೆಯಲೇ ಇಲ್ಲ.

ಭಾನುವಾರ ಪ್ರಕಾಶ ಬಂದ. ಅಮ್ಮ, ಅಕ್ಕ, ಭಾವ ಎಲ್ಲರನ್ನೂ ದಾಟಿ ಒಳಕೋಣೆಗೆ ಹೋದ. ಸೊಟ್ಟಗಾಲು ನೋಡಿ, ಮುಂದಿನ ಸಲ ಪೊರೆ ಬಿಟ್ಟಾಗ ಸರಿಹೋಗಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ದೃಷ್ಟಿಬೊಟ್ಟು ಅಳಿಸಲಿಲ್ಲ. ಸಂಜೆಯ ಬಸ್ಸಿಗೆ ಟವೆಲ್ ಸುತ್ತಿಕೊಂಡು ಗುಬ್ಬಿಗೆ ಹೊರಟ. ಮೂರು ತಿಂಗಳಿಗೆ ಒಂದು ಸಲ ಹೀಗೆಯೇ ಇವಳನ್ನು ತಂದು ಎಲ್ಲರಿಗೂ ತೋರಿಸಿಕೊಂಡು ಹೋಗು ಎಂದು ಅತ್ತೆ ಹೇಳಿ ಕಳಿಸಿದರು.

ಮರುದಿನ ಅತ್ತೆಯೂ ಕುಣಿಗಲ್‌ಗೆ ಹೋದ ಮೇಲೆ ನಾನು ಈಸಿಚೇರಿನಲ್ಲಿ ಕೂತು, ಒಟ್ಟಿನಲ್ಲಿ ಕೊಟ್ಟ ಮಾತು ಉಳಿಸಿಕೊಂಡೆ ನೋಡು, ಟ್ರಂಕ್ ಕಾಲ್ ಏನು, ಓಡಾಟ ಏನು ಎಂದು ಶಾರದೆಯ ಮುಂದೆ ಸ್ವಲ್ಪ ಹೇಳಿಕೊಂಡೆ. ಅವಳು ಬಟ್ಟೆ ಮಡಚುತ್ತ ಕೇಳಿಸಿಕೊಂಡಳು.

‘ದೊಡ್ಡವಳು ಹುಟ್ಟಿದಾಗ ಕುಣಿಗಲ್ಲಿಗೆ ನೋಡೋಕೆ ಬಂದಿದ್ರಲ್ಲ,’ ಎಂದಳು. ‘ಒಂದು ಲೋಟ ನೀರು ಕೊಡಿಸಿ ಅಂತ ನಿಮ್ಮನ್ನ ಕೇಳ್ದೆ. ದೊಡ್ಡೋರು ಹೇಳ್ದಂಗೆ ಕೇಳು ಅಂದ್ರಿ. ಅಲ್ಲಾರೀ, ನಂಗೂ ಎಂಟು ಕಾಲಿದ್ದಿದ್ರೆ ಕೊಡಿಸ್ತಿದ್ರಾ?’